ಫೋಲ್ಡರ್ ಪರ್ಮಿಷನ್ ತೊಂದರೆ: ದಾವಣಗೆರೆಯ ಮನೆ ಕಂಪ್ಯೂಟರ್‌ಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅದರ ಆಸುಪಾಸಿನಿಂದ ವಿದ್ಯಾನಗರ, ನಿಟುವಳ್ಳಿ, ಎಂಸಿಸಿ ಬ್ಲಾಕ್ ಕಡೆಯ ಗುರುತಿನವರ ಮನೆಗಳಲ್ಲೆಲ್ಲ ಒಂದೇ ಕೆಲಸ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸೋದು, ವಿಂಡೋಸ್ 11 ಹೊಸದಾಗಿ ಹಾಕಿಸೋದು. ಕಂಪ್ಯೂಟರ್ ಚುರುಕಾಗುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಯಾರೋ ಹಳೆ ಡಿಸ್ಕನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಅದರೊಳಗಿನ ಮದುವೆ ಫೋಟೋ ತೆರೆಯೋಕೆ ಹೋಗುತ್ತಾರೆ. ‘ಈ ಫೋಲ್ಡರಿಗೆ ನಿಮಗೆ ಪರ್ಮಿಷನ್ ಇಲ್ಲ’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅಲ್ಲಿಂದ ಫೋನು ಶುರು.

ಹಾಗೆ ಬಂದ ಪ್ರಶ್ನೆಗಳೇ ಇಲ್ಲಿವೆ. ಜಾಸ್ತಿ ಮಾತು ವಿಂಡೋಸ್ 10 ಮತ್ತು 11ರದ್ದು. ಬಟನ್‌ಗಳ ಹೆಸರನ್ನು ಪರದೆಯ ಮೇಲೆ ಹೇಗಿದೆಯೋ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ.

ಕಂಪ್ಯೂಟರ್ ನಂದು, ಫೋಟೋ ನಂದು. ಹೊಸ ವಿಂಡೋಸಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಿದ್ದೇನೆ. ಆದರೂ ನನ್ನನ್ನೇ ಯಾಕೆ ಬಿಡ್ತಿಲ್ಲ?

ವಿಂಡೋಸ್ ಹೆಸರನ್ನು ಲೆಕ್ಕಕ್ಕೇ ಹಿಡಿಯಲ್ಲ. ಅಕೌಂಟ್ ಮಾಡಿದಾಗಲೇ ಅದಕ್ಕೊಂದು ಉದ್ದನೆ ನಂಬರ್ ಕೊಟ್ಟುಬಿಡುತ್ತದೆ. ಅದರ ಹೆಸರು ಸೆಕ್ಯೂರಿಟಿ ಐಡಿ. ಫೋಲ್ಡರಿನ ಮೇಲೆ ದಾಖಲಾಗುವುದು ಆ ನಂಬರ್. ವಿಂಡೋಸ್ ಹೊಸದಾಗಿ ಹಾಕಿದರೆ ನಂಬರೂ ಹೊಸದು. ಎರಡು ಕಡೆಯೂ ‘ಮಂಜು’ ಅಂತಲೇ ಇದ್ದರೂ ಡಿಸ್ಕಿನ ಪಾಲಿಗೆ ಹಳೆ ಮಂಜು ಬೇರೆ, ಹೊಸ ಮಂಜು ಬೇರೆ.

ಕಣ್ಣಾರೆ ನೋಡಬಹುದು. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಸೆಕ್ಯೂರಿಟಿ’ ಟ್ಯಾಬ್. ಮೇಲಿನ ಚೌಕದಲ್ಲಿ ಹೆಸರುಗಳ ಪಟ್ಟಿ ಇರುತ್ತದೆ. ಅಲ್ಲಿ ಒಂದು ಕಡೆ ಪ್ರಶ್ನೆ ಚಿಹ್ನೆ ಅಂಟಿಕೊಂಡ ಚಿತ್ರ, ಪಕ್ಕದಲ್ಲಿ ‘ಅಕೌಂಟ್ ಅನ್‌ನೋನ್’ ಅಂತ ಬರೆದು ಎಸ್-1-5-21 ಅಂತ ಶುರುವಾಗುವ ಅಂಕಿಗಳ ಸಾಲು ಕಂಡರೆ, ಅವನೇ ಹಳೆ ಮಂಜು. ನಂಬರ್ ಉಳಿದಿದೆ, ಆ ನಂಬರಿನ ಮನುಷ್ಯ ಈ ವಿಂಡೋಸಿನಲ್ಲಿಲ್ಲ.

ಇನ್ನೊಂದು ವಿಷಯ. ಡಿ ಡ್ರೈವಿನಲ್ಲಿ ಸುಮ್ನೆ ಹೊರಗೇ ಇಟ್ಟಿದ್ದ ಫೋಲ್ಡರ್‌ಗಳು ಸಾಮಾನ್ಯವಾಗಿ ತಕರಾರಿಲ್ಲದೆ ತೆರೆಯುತ್ತವೆ. ಹಟ ಮಾಡುವುದು ಹಳೆ ಸಿ ಡ್ರೈವಿನ ‘ಯೂಸರ್ಸ್’ ಒಳಗಿದ್ದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್. ಅವು ಒಬ್ಬರಿಗೇ ಮೀಸಲು ಅಂತ ವಿಂಡೋಸ್ ಮೊದಲೇ ಬೀಗ ಹಾಕಿರುತ್ತದೆ.

ಓನರ್ ಅಂದರೆ ಯಾರು? ಪರ್ಮಿಷನ್ ಅಂದರೂ ಅದೇ ಅಲ್ವಾ?

ಅಲ್ಲ. ಹೊಲದ ಪಹಣಿಯಲ್ಲಿ ಹೆಸರಿರೋದು ಒಬ್ಬರದು, ಉಳುಮೆ ಮಾಡೋರು ಇನ್ನೊಬ್ಬರು ಇರಬಹುದಲ್ಲ, ಹಾಗೆ. ಓನರ್ ಆದವರಿಗೆ ಫೈಲ್ ಓದುವ ಹಕ್ಕು ತಾನಾಗೇ ಬರುವುದಿಲ್ಲ. ಯಾರಿಗೆ ಏನು ಹಕ್ಕು ಅಂತ ಪಟ್ಟಿ ತಿದ್ದುವ ಅಧಿಕಾರ ಬರುತ್ತದೆ. ಅದಕ್ಕೇ ಯಾವಾಗಲೂ ಎರಡು ಹೆಜ್ಜೆ: ಮೊದಲು ಓನರ್ ಆಗೋದು, ಆಮೇಲೆ ತನಗೆ ಪರ್ಮಿಷನ್ ಕೊಟ್ಟುಕೊಳ್ಳೋದು. ‘ಓನರ್ ಬದಲಾಯಿಸಿದೆ, ಆದರೂ ತೆರೆಯಲ್ಲ’ ಅನ್ನೋರು ಎರಡನೇ ಹೆಜ್ಜೆ ಬಿಟ್ಟಿರುತ್ತಾರೆ.

‘ಕಂಟಿನ್ಯೂ’ ಅಂತ ಬಟನ್ ಬರುತ್ತದೆ. ಒತ್ತಬಹುದಾ?

ನಿಮ್ಮದೇ ಹಳೆ ಫೋಲ್ಡರ್ ಆದರೆ ಒತ್ತಿ. ಅರ್ಧಕ್ಕರ್ಧ ಜನರ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆದರೆ ಅದು ಒಂದು ಸಲ ಬಾಗಿಲು ತೆರೆದು ಮತ್ತೆ ಹಾಕುವ ಬಟನ್ ಅಲ್ಲ. ಆ ಫೋಲ್ಡರಿನ ಪಟ್ಟಿಗೆ ನಿಮ್ಮ ಅಕೌಂಟನ್ನು ಖಾಯಂ ಆಗಿ ಸೇರಿಸುತ್ತದೆ, ಒಳಗಿನ ಫೈಲುಗಳಿಗೂ ಹಚ್ಚುತ್ತಾ ಹೋಗುತ್ತದೆ. ಫೋಟೋ ಸಾವಿರಗಟ್ಟಲೆ ಇದ್ದರೆ ಮೇಲಿನ ಹಸಿರು ಪಟ್ಟಿ ನಿಧಾನಕ್ಕೆ ಓಡುತ್ತಿರುತ್ತದೆ. ಹ್ಯಾಂಗ್ ಆಯಿತು ಅಂತ ಯುಎಸ್‌ಬಿ ಕೇಬಲ್ ಕಿತ್ತರೆ ಅರ್ಧ ಫೈಲ್ ತೆರೆಯುತ್ತವೆ, ಅರ್ಧ ತೆರೆಯಲ್ಲ.

‘ಕಂಟಿನ್ಯೂ’ ಒತ್ತಿದರೂ ಆಗಲಿಲ್ಲ. ಪೂರ್ತಿ ದಾರಿ ಹೇಳಿ.

ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಲಾಗಿನ್ ಆಗಿ. ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯೂರಿಟಿ, ಕೆಳಗಿನ ‘ಅಡ್ವಾನ್ಸ್ಡ್’. ಮೇಲ್ಗಡೆ ‘ಓನರ್’ ಅಂತ ಒಂದು ಸಾಲು ಇರುತ್ತದೆ, ಪಕ್ಕದಲ್ಲಿ ‘ಚೇಂಜ್’. ಅದನ್ನು ಒತ್ತಿ, ನಿಮ್ಮ ಯೂಸರ್ ಹೆಸರು ಟೈಪ್ ಮಾಡಿ, ‘ಚೆಕ್ ನೇಮ್ಸ್’ ಒತ್ತಿ. ಹೆಸರು ಸರಿ ಇದ್ದರೆ ಕೆಳಗೆ ಗೆರೆ ಎಳೆದುಕೊಳ್ಳುತ್ತದೆ. ಎಷ್ಟೋ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಮೈಕ್ರೋಸಾಫ್ಟ್ ಅಕೌಂಟ್ ಇದ್ದರೆ ಪೂರ್ತಿ ಇಮೇಲ್ ವಿಳಾಸ ಹಾಕಿ ನೋಡಿ.

ಓಕೆ ಕೊಟ್ಟ ಮೇಲೆ ಓನರ್ ಸಾಲಿನ ಕೆಳಗೆ ಹೊಸ ಟಿಕ್ ಚೌಕ ಬಂದಿರುತ್ತದೆ: ‘ರೀಪ್ಲೇಸ್ ಓನರ್ ಆನ್ ಸಬ್‌ಕಂಟೇನರ್ಸ್ ಆ್ಯಂಡ್ ಆಬ್ಜೆಕ್ಟ್ಸ್’. ಅದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಹೊರಗಿನ ಫೋಲ್ಡರ್ ಮಾತ್ರ ನಿಮ್ಮದಾಗುತ್ತದೆ, ಒಳಗಿನವು ಹಳೆ ಮಂಜುವಿನ ಹೆಸರಲ್ಲೇ ಇರುತ್ತವೆ. ‘ಅಪ್ಲೈ’ ಕೊಟ್ಟು ಎಲ್ಲ ಕಿಟಕಿ ಮುಚ್ಚಿ, ಮತ್ತೆ ಅದೇ ಜಾಗಕ್ಕೆ ಬನ್ನಿ. ಮುಚ್ಚಿ ತೆರೆಯದಿದ್ದರೆ ಮುಂದಿನ ಬಟನ್‌ಗಳು ಹಳೆ ಲೆಕ್ಕವನ್ನೇ ತೋರಿಸುತ್ತವೆ.

ಎರಡನೇ ಹೆಜ್ಜೆ: ‘ಆ್ಯಡ್’, ‘ಸೆಲೆಕ್ಟ್ ಎ ಪ್ರಿನ್ಸಿಪಲ್’, ಮತ್ತೆ ನಿಮ್ಮ ಹೆಸರು, ‘ಫುಲ್ ಕಂಟ್ರೋಲ್’ಗೆ ಟಿಕ್, ಓಕೆ.

ನನಗೆ ಫೋಟೋ ಹೊರಗೆ ಬಂದರೆ ಸಾಕು. ಇಷ್ಟೆಲ್ಲ ತಿದ್ದಲೇಬೇಕಾ?

ಬೇಡ. ನನ್ನನ್ನು ಕೇಳಿದರೆ ಹಳೆ ಡಿಸ್ಕ್ ಮುಟ್ಟದೆ ಕಾಪಿ ಮಾಡಿಕೊಳ್ಳುವುದೇ ಜಾಣತನ. ಡಿಸ್ಕ್ ಹಳೆಯದಾಗಿ ಕಿರ್ರ್ ಅನ್ನುತ್ತಿದ್ದರಂತೂ ಅದರ ಮೇಲೆ ಲಕ್ಷ ಫೈಲಿನ ಪರ್ಮಿಷನ್ ಮತ್ತೆ ಬರೆಸೋದು ಯಾಕೆ?

ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಅನ್ನುವ ಕಮಾಂಡ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ರೋಬೋಕಾಪಿ, ಒಂದು ಜಾಗ ಬಿಟ್ಟು ಹಳೆ ಫೋಲ್ಡರಿನ ವಿಳಾಸ, ಮತ್ತೆ ಜಾಗ ಬಿಟ್ಟು ಹೊಸ ಫೋಲ್ಡರಿನ ವಿಳಾಸ. ಎರಡನ್ನೂ ಬೇರೆ ಬೇರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಆಮೇಲೆ ಮೂರು ಬಾಲ: ಸ್ಲ್ಯಾಶ್ ಇ, ಸ್ಲ್ಯಾಶ್ ಬಿ, ಸ್ಲ್ಯಾಶ್ ಎಕ್ಸ್‌ಜೆ. ‘ಇ’ ಅಂದರೆ ಒಳಗಿನ ಫೋಲ್ಡರ್‌ಗಳೂ ಸೇರಿ. ‘ಬಿ’ ಅಂದರೆ ಬ್ಯಾಕಪ್ ಮೋಡ್. ಅಡ್ಮಿನಿಸ್ಟ್ರೇಟರ್‌ಗೆ ಬ್ಯಾಕಪ್ ಮಾಡುವ ಹಕ್ಕು ಬೇರೆಯೇ ಇರುವುದರಿಂದ ಪರ್ಮಿಷನ್ ಪಟ್ಟಿಯನ್ನು ದಾಟಿ ಓದುತ್ತದೆ. ‘ಎಕ್ಸ್‌ಜೆ’ ಮರೆಯಬೇಡಿ. ಹಳೆ ಯೂಸರ್ ಫೋಲ್ಡರಿನಲ್ಲಿ ತಿರುಗಿ ತನ್ನನ್ನೇ ತೋರಿಸುವ ಕೊಂಡಿಗಳಿವೆ. ಅವನ್ನು ಬಿಡದಿದ್ದರೆ ಕಾಪಿ ಒಂದರೊಳಗೊಂದು ಸುತ್ತುತ್ತಲೇ ಇರುತ್ತದೆ.

ಹೀಗೆ ಬಂದ ಕಾಪಿಗೆ ಹೊಸ ಜಾಗದ ಪರ್ಮಿಷನ್ನೇ ಸಿಗುತ್ತದೆ. ಹಳೆ ಡಿಸ್ಕ್ ಇದ್ದ ಹಾಗೇ ಇರುತ್ತದೆ.

ಕಮಾಂಡಿನಿಂದಲೇ ಓನರ್ ಬದಲಾಯಿಸಬಹುದಾ?

ಬಹುದು. ಟೇಕ್ ಮತ್ತು ಓನ್ ಎರಡನ್ನೂ ಕೂಡಿಸಿ ಬರೆದರೆ ಒಂದು ಕಮಾಂಡ್. ಸ್ಲ್ಯಾಶ್ ಎಫ್ ಹಾಕಿ ಫೋಲ್ಡರಿನ ವಿಳಾಸ, ಒಳಗಿನದಕ್ಕೂ ಹಚ್ಚಲು ಸ್ಲ್ಯಾಶ್ ಆರ್. ಎರಡನೆಯದು ಐ-ಸಿ-ಎ-ಸಿ-ಎಲ್-ಎಸ್, ಅದರ ಮುಂದೆ ಫೋಲ್ಡರಿನ ವಿಳಾಸ, ಸ್ಲ್ಯಾಶ್ ರೀಸೆಟ್, ಸ್ಲ್ಯಾಶ್ ಟಿ. ರೀಸೆಟ್ ಮಾಡಿದರೆ ಹಳೆ ಪಟ್ಟಿ ಅಳಿಸಿ, ಮೇಲಿನ ಫೋಲ್ಡರಿನಿಂದ ಇಳಿದು ಬರುವ ಪರ್ಮಿಷನ್ ಹಚ್ಚುತ್ತದೆ. ಡಿ ಡ್ರೈವಿನಲ್ಲಿರುವ ಫೋಟೋ, ಸಿನಿಮಾ ಫೋಲ್ಡರ್‌ಗೆ ಇದು ಸಾಕಾಗುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿ ಬರೀ ಸಿ ಡ್ರೈವ್ ಅಂತ ಹೊಡೆದರೆ ಏನಾಗುತ್ತದೆ ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ. ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ.

ಯಾವುದೋ ವಿಡಿಯೋ ನೋಡಿ ಇಡೀ ಸಿ ಡ್ರೈವಿಗೆ ‘ಎವ್ರಿಒನ್, ಫುಲ್ ಕಂಟ್ರೋಲ್’ ಕೊಟ್ಟೆ. ತಪ್ಪಾ?

ತಪ್ಪೇ. ವಿಂಡೋಸಿನ ಸ್ವಂತ ಫೈಲುಗಳಿಗೆ ಓನರ್ ನೀವಲ್ಲ, ಅಡ್ಮಿನಿಸ್ಟ್ರೇಟರೂ ಅಲ್ಲ. ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಅನ್ನುವ ಒಂದು ಸರ್ವಿಸ್. ವಿಂಡೋಸ್ ವಿಸ್ಟಾ ಅನ್ನುವ ಹಳೆ ಆವೃತ್ತಿಯ ಕಾಲದಿಂದ ಹೀಗೇ ಇದೆ. ಅಪ್‌ಡೇಟ್ ಬಂದಾಗ ಆ ಫೈಲುಗಳನ್ನು ಬದಲಾಯಿಸೋದು ಅದರ ಕೆಲಸ. ಪಟ್ಟಿಯನ್ನು ನೀವು ಕಲಸಿಬಿಟ್ಟರೆ ಅಪ್‌ಡೇಟ್ ನಿಲ್ಲಬಹುದು, ಸ್ಟೋರಿನ ಆ್ಯಪ್‌ಗಳು ತೆರೆಯದೆ ಹೋಗಬಹುದು. ಮೇಲಾಗಿ ಮನೆಗೆ ನುಗ್ಗಿದ ವೈರಸ್‌ಗೂ ಆ ‘ಎವ್ರಿಒನ್’ನಲ್ಲಿ ಪಾಲಿದೆ.

ಒಂದೇ ಫೋಲ್ಡರ್ ಬದಲಾಯಿಸಿದ್ದರೆ ಓನರ್ ವಾಪಸ್ ಕೊಡಬಹುದು. ‘ಚೇಂಜ್’ ಒತ್ತಿ ‘ಎನ್‌ಟಿ ಸರ್ವಿಸ್’ ಅಂತ ಬರೆದು, ಬ್ಯಾಕ್‌ಸ್ಲ್ಯಾಶ್ ಹಾಕಿ, ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಅಂತ ಜಾಗ ಬಿಡದೆ ಬರೆಯಿರಿ. ಇಡೀ ಡ್ರೈವ್ ಆಗಿದ್ದರೆ ಒಂದೊಂದೇ ಸರಿಮಾಡುತ್ತ ಕೂರಬೇಡಿ. ನಿಮ್ಮ ಫೈಲ್ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಫೈಲುಗಳನ್ನು ಉಳಿಸಿಕೊಂಡೇ ವಿಂಡೋಸ್ ಮತ್ತೆ ಹಾಕುವ ದಾರಿ ಹಿಡಿಯಿರಿ. ಸ್ಟೋರಿನ ಆ್ಯಪ್‌ಗಳು ಇರುವ ‘ವಿಂಡೋಸ್‌ಆ್ಯಪ್ಸ್’ ಫೋಲ್ಡರ್ ತೆರೆಯಲ್ಲ ಅಂತ ಕೇಳುವವರಿಗೂ ಇದೇ ಉತ್ತರ: ತೆರೆಯಬಾರದು ಅಂತಲೇ ಹಾಗಿದೆ.

ಸಿ ಡ್ರೈವಿನಲ್ಲಿ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಅಂತ ಫೋಲ್ಡರ್ ಕಾಣ್ತಿದೆ. ಏನು ಮಾಡಿದರೂ ತೆರೆಯಲ್ಲ.

ಅದು ಫೋಲ್ಡರೇ ಅಲ್ಲ. ಹಳೆ ವಿಂಡೋಸ್ ಎಕ್ಸ್‌ಪಿ ಕಾಲದ ಪ್ರೋಗ್ರಾಂಗಳು ಆ ಹೆಸರನ್ನು ಹುಡುಕಿಕೊಂಡು ಬಂದರೆ ‘ಯೂಸರ್ಸ್’ ಕಡೆಗೆ ಕಳಿಸುವ ಕೈಮರ. ಅಡಗಿದ ಫೈಲುಗಳನ್ನು ತೋರಿಸು ಅಂದಿದ್ದಕ್ಕೆ ಕಾಣಿಸುತ್ತಿದೆ. ಒಳಗೇನಿಲ್ಲ, ಬಿಟ್ಟುಬಿಡಿ.

‘ರೀಡ್ ಓನ್ಲಿ’ ಟಿಕ್ ತೆಗೆದರೂ ಮತ್ತೆ ಬಂದು ಕೂರುತ್ತದೆ!

ಪ್ರಾಪರ್ಟೀಸಿನ ಮೊದಲ ಟ್ಯಾಬಿನಲ್ಲಿ ಕಾಣುವ ಆ ತುಂಬಿದ ಚೌಕ ಎಲ್ಲ ಫೋಲ್ಡರಿಗೂ ಹಾಗೇ ಇರುತ್ತದೆ. ಅದು ಒಳಗಿನ ಫೈಲುಗಳಿಗೆ ಸಂಬಂಧಿಸಿದ್ದು, ಫೋಲ್ಡರಿಗೆ ಅಲ್ಲ. ಸೇವ್ ಆಗದಿರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಂಡಿ ಲೆಕ್ಕದ ಹಳೆ ಪ್ರೋಗ್ರಾಂ ಮನೆ ಕಂಪ್ಯೂಟರಿನಲ್ಲಿದೆ. ಅಪ್ಪ ಲಾಗಿನ್ ಆದರೆ ಒಂದು ಬಾಕಿ ತೋರಿಸುತ್ತೆ, ನಾನು ಲಾಗಿನ್ ಆದರೆ ಇನ್ನೊಂದು. ಯಾರೋ ಕದ್ದು ತಿದ್ದುತ್ತಿದ್ದಾರಾ?

ಈ ಊರಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಜೋರು, ಮನೆಯಲ್ಲೇ ಲೆಕ್ಕ ಬರೆಯೋರೂ ಜಾಸ್ತಿ. ಹಾಗಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಅಪ್ಪ ಮಗನ ನಡುವೆ ಮಾತು ಬಿಡುವಷ್ಟು ದೂರ ಹೋಗಿದ್ದೂ ಇದೆ. ಯಾರೂ ಕದ್ದಿಲ್ಲ. ವಿಂಡೋಸ್ ಮಾಡಿದ ಉಪಕಾರ ಇದು.

ತುಂಬಾ ಹಳೆ ಪ್ರೋಗ್ರಾಂಗಳು ತಮ್ಮ ಡೇಟಾವನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೇ ಬರೆಯಲು ನೋಡುತ್ತವೆ. ವಿಸ್ಟಾದಿಂದ ಈಚೆಗೆ ಅಲ್ಲಿ ಬರೆಯೋಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಡಲ್ಲ ಅಂದರೆ ಪ್ರೋಗ್ರಾಂ ಕೆಟ್ಟು ನಿಲ್ಲುತ್ತದೆ ಅಂತ ವಿಂಡೋಸ್ ಒಂದು ಉಪಾಯ ಮಾಡಿದೆ. ಬರೆದ ಹಾಗೆ ತೋರಿಸಿ, ನಿಜವಾದ ಫೈಲನ್ನು ಆಯಾ ಯೂಸರಿನ ‘ಆ್ಯಪ್‌ಡೇಟಾ’ದೊಳಗಿನ ‘ಲೋಕಲ್’, ಅದರೊಳಗಿನ ‘ವರ್ಚುವಲ್‌ಸ್ಟೋರ್’ನಲ್ಲಿ ಇಡುತ್ತದೆ. ಅಪ್ಪನ ಎಂಟ್ರಿ ಅಪ್ಪನ ಫೋಲ್ಡರಿನಲ್ಲಿ, ನಿಮ್ಮದು ನಿಮ್ಮದರಲ್ಲಿ. ಪ್ರೋಗ್ರಾಂ ಮಾತ್ರ ಇಬ್ಬರಿಗೂ ‘ಸೇವ್ ಆಯಿತು’ ಅನ್ನುತ್ತದೆ.

ಮೊದಲು ಎರಡೂ ಅಕೌಂಟಿನ ವರ್ಚುವಲ್‌ಸ್ಟೋರ್ ತೆರೆದು, ಫೈಲುಗಳ ತಾರೀಖು ನೋಡಿ, ಎರಡನ್ನೂ ಪೆನ್‌ಡ್ರೈವಿಗೆ ಬೇರೆ ಬೇರೆ ಹೆಸರಿನಲ್ಲಿ ಕಾಪಿ ಮಾಡಿಡಿ. ಆಮೇಲೆ ಪ್ರೋಗ್ರಾಂನ ಡೇಟಾ ಜಾಗವನ್ನು ಡಿ ಡ್ರೈವಿನ ಒಂದು ಸಾದಾ ಫೋಲ್ಡರಿಗೆ ಬದಲಾಯಿಸಿ. ಆ ಸೌಲಭ್ಯ ಇಲ್ಲದಿದ್ದರೆ ಪ್ರೋಗ್ರಾಂ ಅನ್ನೇ ಪ್ರೋಗ್ರಾಂ ಫೈಲ್ಸ್ ಬಿಟ್ಟು ಹೊರಗೆ ಇನ್‌ಸ್ಟಾಲ್ ಮಾಡಿ. ಎರಡು ಲೆಕ್ಕವನ್ನು ಒಂದು ಮಾಡೋದು ಮಾತ್ರ ಕೈಯಲ್ಲೇ ಆಗಬೇಕು. ಅದಕ್ಕೆ ಶಾರ್ಟ್‌ಕಟ್ ಇಲ್ಲ, ಒಂದು ಭಾನುವಾರ ಇಬ್ಬರೂ ಕೂತು ಮಾಡಿ.

ನುಡಿಯಲ್ಲಿ ಟೈಪ್ ಮಾಡಿದ ಕಾಗದ ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಆಗಲ್ಲ. ಬೇರೆ ಕಡೆ ಆಗುತ್ತೆ.

ಪರ್ಮಿಷನ್ ಪಟ್ಟಿ ಸರಿ ಇದ್ದೂ ಹೀಗಾದರೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ನೋಡಿ. ಫೈಲುಗಳನ್ನು ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ತಡೆಯಲು 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಕಾವಲು ಅದು. ತಾನಾಗಿ ಆನ್ ಇರಲ್ಲ, ಯಾರೋ ಆನ್ ಮಾಡಿರಬೇಕು. ತನಗೆ ಗುರುತಿಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಟ್ಟಿದರೆ ತಡೆಯುತ್ತದೆ. ‘ವಿಂಡೋಸ್ ಸೆಕ್ಯೂರಿಟಿ’ ತೆರೆದು, ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’, ಕೆಳಗೆ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’. ಅಲ್ಲಿ ಆ್ಯಪ್‌ಗೆ ಅನುಮತಿ ಕೊಡುವ ಸಾಲು ಇದೆ; ನಿಮ್ಮ ಪ್ರೋಗ್ರಾಂ ಸೇರಿಸಿ. ಕಾವಲನ್ನೇ ಆಫ್ ಮಾಡಬೇಡಿ.

ಮಕ್ಕಳಿಗೆ ಒಂದು ಫೋಲ್ಡರ್ ಕಾಣಬಾರದು ಅಂತ ‘ಡಿನೈ’ ಟಿಕ್ ಹಾಕಿದೆ. ಈಗ ನನಗೂ ಬರ್ತಿಲ್ಲ.

‘ಯೂಸರ್ಸ್’ ಗುಂಪಿಗೆ ಡಿನೈ ಕೊಟ್ಟಿರುತ್ತೀರಿ. ಆ ಗುಂಪಿನಲ್ಲಿ ನೀವೂ ಇದ್ದೀರಿ. ಒಂದೇ ಫೋಲ್ಡರಿನಲ್ಲಿ ‘ಅಲೋ’ ಮತ್ತು ‘ಡಿನೈ’ ಎರಡೂ ನೇರವಾಗಿ ಬರೆದಿದ್ದರೆ ಗೆಲ್ಲೋದು ಡಿನೈ. ಅಡ್ವಾನ್ಸ್ಡ್‌ಗೆ ಹೋಗಿ ಆ ಸಾಲು ತೆಗೆದುಹಾಕಿ.

ಮನೆ ಮಟ್ಟಿಗೆ ಡಿನೈ ಬೇಕಾಗುವುದೇ ಇಲ್ಲ. ಮಕ್ಕಳಿಗೆ ಬೇರೆ ಅಕೌಂಟ್ ಮಾಡಿ, ಅಡ್ಮಿನಿಸ್ಟ್ರೇಟರ್ ಅಲ್ಲದ ‘ಸ್ಟ್ಯಾಂಡರ್ಡ್’ ಬಗೆಯದು. ನಿಮ್ಮ ಗುಟ್ಟಿನ ಫೈಲ್ ನಿಮ್ಮ ಡಾಕ್ಯುಮೆಂಟ್ಸ್‌ನಲ್ಲೇ ಇದ್ದರೆ ಅವರಿಗೆ ತೆರೆಯಲ್ಲ. ಎಲ್ಲರಿಗೂ ಬೇಕಾದದ್ದನ್ನು ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರಿಗೆ ಹಾಕಿ. ಹಾಕುವಾಗ ಕಾಪಿ ಮಾಡಿ, ಮೂವ್ ಮಾಡಬೇಡಿ. ಒಂದೇ ಡ್ರೈವಿನೊಳಗೆ ಮೂವ್ ಮಾಡಿದ ಫೈಲ್ ತನ್ನ ಹಳೆ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ‘ಪಬ್ಲಿಕ್‌ಗೆ ಹಾಕಿದರೂ ಮಗಳಿಗೆ ತೆರೆಯಲ್ಲ’ ಅನ್ನೋದಕ್ಕೆ ಕಾರಣ ಇದೇ.

ಪೆನ್‌ಡ್ರೈವ್ ‘ರೈಟ್ ಪ್ರೊಟೆಕ್ಟೆಡ್’ ಅನ್ನುತ್ತೆ. ಸೆಕ್ಯೂರಿಟಿ ಟ್ಯಾಬೇ ಇಲ್ಲ!

ಇರಲ್ಲ. ಈ ಪರ್ಮಿಷನ್ ಪಟ್ಟಿ ಇಡುವ ವ್ಯವಸ್ಥೆ ಎನ್‌ಟಿಎಫ್‌ಎಸ್ ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವಿನದು. 1993ರ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಅನ್ನುವ ಬೇರೆ ಬಗೆಯವು. ಅಲ್ಲಿ ಯಾರ ಹೆಸರೂ ಇಲ್ಲ. ಮೆಮೊರಿ ಕಾರ್ಡ್ ಆದರೆ ಅಡಾಪ್ಟರಿನ ಪಕ್ಕದ ಸಣ್ಣ ಗುಂಡಿ ‘ಲಾಕ್’ ಕಡೆ ಜಾರಿದೆಯಾ ನೋಡಿ. ಇಲ್ಲ ಅಂದರೆ ಪೆನ್‌ಡ್ರೈವ್ ಸಾಯುವ ಹೊತ್ತಾಗಿರಬಹುದು. ಓದಲು ಬರುವಾಗಲೇ ಡೇಟಾ ತೆಗೆದುಕೊಳ್ಳಿ. 4 ಜಿಬಿ ದಾಟಿದ ಒಂದು ಫೈಲ್ ಮಾತ್ರ ಹೋಗಲ್ಲ ಅಂದರೆ ಅದು ಫ್ಯಾಟ್32ರ ಮಿತಿ.

ಫೋಲ್ಡರ್ ಡಿಲೀಟ್ ಆಗ್ತಿಲ್ಲ.

ಸಂದೇಶವನ್ನು ಪೂರ್ತಿ ಓದಿ. ‘ಇನ್ನೊಂದು ಪ್ರೋಗ್ರಾಂನಲ್ಲಿ ತೆರೆದಿದೆ’ ಅಂತಿದ್ದರೆ ಅದು ಪರ್ಮಿಷನ್ ತೊಂದರೆ ಅಲ್ಲ. ರೀಸ್ಟಾರ್ಟ್ ಮಾಡಿ, ಮತ್ತೆ ಡಿಲೀಟ್ ಮಾಡಿ.

ಓನರ್ ಆದೆ, ಫುಲ್ ಕಂಟ್ರೋಲ್ ಕೊಟ್ಟೆ. ಆದರೂ ಫೈಲ್ ತೆರೆಯಲ್ಲ, ಚಿತ್ರದ ಮೇಲೆ ಸಣ್ಣ ಬೀಗ ಇದೆ.

ಇದು ಕಷ್ಟದ್ದು. ಹಳೆ ವಿಂಡೋಸ್ ಪ್ರೋ ಆಗಿದ್ದು, ಯಾವಾಗಲೋ ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಟಿಕ್ ಹಾಕಿದ್ದರೆ ಫೈಲೇ ಗೂಢಲಿಪಿಯಲ್ಲಿದೆ. ಪರ್ಮಿಷನ್ ಎಷ್ಟು ಕೊಟ್ಟರೂ ಓದೋಕೆ ಬರಲ್ಲ. ಹಳೆ ಅಕೌಂಟಿನ ಸರ್ಟಿಫಿಕೇಟ್, ಅಂದರೆ ಆ ಲಿಪಿ ಬಿಡಿಸುವ ಕೀಲಿ ಫೈಲಿನ ಬ್ಯಾಕಪ್ ಬೇಕು. ಅದಿಲ್ಲದೆ ತೆಗೆದುಕೊಡುತ್ತೇವೆ ಅನ್ನೋರಿಗೆ ಮುಂಗಡ ಕೊಡಬೇಡಿ.

ಇಡೀ ಡ್ರೈವೇ ಬೀಗದ ಚಿತ್ರ ತೋರಿಸಿ ಕೀ ಕೇಳಿದರೆ ಅದು ಬಿಟ್‌ಲಾಕರ್, ಪೂರ್ತಿ ಡ್ರೈವನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನದೇ ಬೀಗ. 48 ಅಂಕಿಯ ರಿಕವರಿ ಕೀ ಬೇಕು. ಹಲವರ ಕೀ ಅವರ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಇರುತ್ತದೆ, ಅವರಿಗೇ ಗೊತ್ತಿರಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ, ಈ ಬೀಗ ಕೇಳದೆಯೇ ಬೀಳುತ್ತದೆ.

ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಕೊಡುತ್ತಿದ್ದೇನೆ. ಮೊದಲೇ ಏನು ಮಾಡಿಟ್ಟುಕೊಳ್ಳಲಿ?

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಬೇರೆ ಡಿಸ್ಕಿಗೆ ನೀವೇ ಲಾಗಿನ್ ಆಗಿ ಕಾಪಿ ಮಾಡಿ. ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ‘ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಿನಲ್ಲಿದೆ’ ಅಂತ ಅಂಗಡಿಯವರು ಹೇಳಿದರೆ ಅವತ್ತೇ ತೆಗೆದುಕೊಳ್ಳಿ. ಅಪ್‌ಗ್ರೇಡ್ ಆಗಿ ಸುಮಾರು 10 ದಿನಕ್ಕೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ. ಹಬ್ಬ ಮುಗಿಸಿಕೊಂಡು ನೋಡೋಣ ಅಂದರೆ ಇರಲ್ಲ.

ಕಂಪ್ಯೂಟರಿನ ಫೋಲ್ಡರ್ ಟಿವಿಯಲ್ಲಿ ಕಾಣುತ್ತೆ, ಆದರೆ ತೆರೆಯಲ್ಲ.

ನೆಟ್‌ವರ್ಕಿನಲ್ಲಿ ಎರಡು ಪಟ್ಟಿ ಇವೆ: ‘ಶೇರಿಂಗ್’ ಟ್ಯಾಬಿನದು ಒಂದು, ‘ಸೆಕ್ಯೂರಿಟಿ’ಯದು ಒಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಟಿವಿಗೆ ಅಂತಲೇ ಒಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಟ್ಟು, ಎರಡೂ ಕಡೆ ಅದಕ್ಕೆ ‘ರೀಡ್’ ಮಾತ್ರ ಕೊಡಿ.

ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಗ ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸ್ ಕೂಡ ಹಾಕಿದ್ದಾನೆ. ಅಲ್ಲಿಂದ ಡಿ ಡ್ರೈವಿಗೆ ಏನೂ ಬರೆಯಲು ಆಗುತ್ತಿಲ್ಲ.

ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಕಾರಣ ಇರಬಹುದು. ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಡ್ರೈವ್ ಬಳಕೆಯಲ್ಲಿದೆ ಅಂತ ಲಿನಕ್ಸ್ ಬರೀ ಓದಲು ಬಿಡುತ್ತದೆ. ಶಿಫ್ಟ್ ಒತ್ತಿ ಹಿಡಿದು ‘ಶಟ್ ಡೌನ್’ ಕೊಟ್ಟರೆ ಪೂರ್ತಿ ಮಲಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದೇಬಿಟ್ಟರೆ ಇನ್ನೂ ಒಳ್ಳೆಯದು.

ಲಿನಕ್ಸಿನಲ್ಲೂ ಹೆಸರಿಗಲ್ಲ, ನಂಬರಿಗೇ ಬೆಲೆ. ಆದರೆ ಉಬುಂಟುವಿನಲ್ಲಿ ಮೊದಲು ಮಾಡಿದ ಯೂಸರಿಗೆ 1000 ಅನ್ನುವ ನಂಬರೇ ಸಿಗುತ್ತದೆ. ಹಾಗಾಗಿ ಉಬುಂಟು ಮತ್ತೆ ಹಾಕಿದರೂ ಹಳೆ ಡಿಸ್ಕಿನ ಫೈಲುಗಳು ಸಾಮಾನ್ಯವಾಗಿ ಸುಮ್ನೆ ತೆರೆದುಕೊಳ್ಳುತ್ತವೆ.

ಅವನು ಎಲ್ಲದಕ್ಕೂ ಚ್‌ಮೋಡ್ 777 ಹೊಡೆಯುತ್ತಾನೆ. ಸರಿನಾ?

ಚ್‌ಮೋಡ್ ಅಂದರೆ ಲಿನಕ್ಸಿನಲ್ಲಿ ಪರ್ಮಿಷನ್ ಬದಲಾಯಿಸುವ ಕಮಾಂಡ್. 777 ಅಂದರೆ ಎಲ್ಲರೂ ಓದಿ, ಬರೆದು, ಓಡಿಸಬಹುದು ಅಂತ ಅರ್ಥ. ಫೋಲ್ಡರಿಗೆ 755, ಸಾದಾ ಫೈಲಿಗೆ 644 ಸಾಕು; ಆಗ ಬರೆಯುವ ಹಕ್ಕು ಓನರಿಗೆ ಮಾತ್ರ. ಫೋಲ್ಡರಿಗೆ ‘ಎಕ್ಸ್’ ಅನ್ನುವ ಗುರುತು ಇರಲೇಬೇಕು. ಅದಿಲ್ಲದಿದ್ದರೆ ಒಳಗೆ ಕಾಲಿಡೋಕೆ ಆಗಲ್ಲ. ತನ್ನ ಹೋಂ ಫೋಲ್ಡರಿಗೆಲ್ಲ 777 ಹೊಡೆದರೆ ಒಂದು ದಿನ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಅವನ ಕೀಲಿ ಫೈಲನ್ನು ತೆಗೆದುಕೊಳ್ಳಲ್ಲ, ಪರ್ಮಿಷನ್ ಸಡಿಲವಾಗಿದೆ ಅಂತ ಮುಖಕ್ಕೇ ಹೇಳುತ್ತದೆ. ಆ ಫೈಲಿಗೆ 600, ಅಂದರೆ ಅವನೊಬ್ಬನೇ ಓದಿ ಬರೆಯುವ ಹಾಗೆ, ಕೊಡಲು ಹೇಳಿ.